ಕಂಠೀರವದ ಗೆಲುವೂ ನಮ್ಮ ಅಂಗಳವೂ

2017ರ ಜುಲೈ 29ರಂದು ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಾಕಸ್ತಾನದ ತಂಡವನ್ನು 75-73 ಅಂಕಗಳಿಂದ ಮಣಿಸಿ, ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ 'ಬಿ' ವಿಭಾಗದ ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು. ನಲವತ್ತು ನಿಮಿಷಗಳ ಹೋರಾಟದ ಕೊನೆಗೆ ಉಭಯ ತಂಡಗಳ ನಡುವೆ ಉಳಿದ ಅಂತರ ಕೇವಲ ಎರಡು ಅಂಕ. ಈ ಗೆಲುವು ದೊರೆತದ್ದು ನಮ್ಮ ನಗರದಲ್ಲೇ. ಆದರೆ ಇದೇ ನಗರದ ಪೂರ್ವದ ಅಂಚಿನಲ್ಲಿ, ಕೆರೆ, ಕಾರ್ಖಾನೆ, ಹೊರವರ್ತುಲ ರಸ್ತೆಗಳ ನಡುವೆ ಬೆಳೆದಿರುವ ದೊಡ್ಡನೆಕ್ಕುಂದಿಯ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಕೈಗೆ ಆ ಚೆಂಡು ತಲುಪಿದೆ ಎಂಬುದು ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿದೆ.

ಏಷ್ಯಾದ ಈ ಪಂದ್ಯಾವಳಿಯಲ್ಲಿ ಬಲಿಷ್ಠ ರಾಷ್ಟ್ರಗಳು 'ಎ' ವಿಭಾಗದಲ್ಲೂ ಉಳಿದವು 'ಬಿ' ವಿಭಾಗದಲ್ಲೂ ಸೆಣಸುತ್ತವೆ. 2015ರಲ್ಲಿ ಕೆಳಗಿನ ವಿಭಾಗಕ್ಕೆ ಇಳಿದಿದ್ದ ಭಾರತವು 2017ರ ಗೆಲುವಿನಿಂದ ಮತ್ತೆ ಮೇಲೇರಿತು. ಅದೇ ವಾರ, ಅದೇ ಅಂಗಣದಲ್ಲಿ 'ಎ' ವಿಭಾಗದ ಅಂತಿಮ ಪಂದ್ಯವೂ ನಡೆದು, ಜಪಾನ್ ತಂಡವು ಆಸ್ಟ್ರೇಲಿಯಾವನ್ನು 74-73ರಿಂದ ಸೋಲಿಸಿತು. ಅಕ್ಟೋಬರ್ ತಿಂಗಳಿನಲ್ಲಿ 16 ವರ್ಷದೊಳಗಿನ ನಮ್ಮ ಬಾಲಕಿಯರು ಸಹ ಬೆಂಗಳೂರಿನಲ್ಲೇ ತಮ್ಮ ವಯೋಮಾನದ 'ಬಿ' ವಿಭಾಗವನ್ನು ಗೆದ್ದರು. ಭಾರತದ ಮಹಿಳಾ ಬಾಸ್ಕೆಟ್‌ಬಾಲ್‌ಗೆ ಅದೊಂದು ಸುಗ್ಗಿಯ ವರ್ಷ.

ಆದರೆ ಮುಂದಿನ ಬೆಳೆ ಅಷ್ಟು ಹುಲುಸಾಗಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲೇ ನಡೆದ ಏಷ್ಯಾ ಕಪ್‌ನಲ್ಲಿ ಎಂಟು ತಂಡಗಳ ಪೈಕಿ ಭಾರತಕ್ಕೆ ದೊರೆತದ್ದು ಎಂಟನೆಯ ಸ್ಥಾನ. 2021ರಲ್ಲಿ ಜೋರ್ಡಾನ್ ದೇಶದ ಅಮ್ಮಾನ್‌ನಲ್ಲಿಯೂ ಅದೇ ಕಥೆ. ತಂಡ ಮತ್ತೆ 'ಬಿ' ವಿಭಾಗಕ್ಕೆ ಇಳಿಯಿತು. ಈ ಎರಡೂ ಬಾರಿ ಪ್ರಶಸ್ತಿ ಜಪಾನಿನ ಪಾಲಾಯಿತು. 2021ರಲ್ಲೇ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಹಿಳೆಯರು ಬೆಳ್ಳಿಯ ಪದಕವನ್ನೂ ಪಡೆದರು.

ಈ ಅಂತರಕ್ಕೆ ನಮ್ಮ ಹುಡುಗಿಯರ ಶ್ರದ್ಧೆಯ ಕೊರತೆ ಕಾರಣವೆನ್ನಲಾಗದು. ಜಪಾನಿನಲ್ಲಿ ಟೊಯೋಟಾ, ಫುಜಿತ್ಸು, ಡೆನ್ಸೊ ಮೊದಲಾದ ಕಂಪನಿಗಳು ಮಹಿಳಾ ತಂಡಗಳನ್ನು ಸಾಕುತ್ತವೆ; ಆ ತಂಡಗಳು ತಿಂಗಳುಗಟ್ಟಲೆ ಲೀಗ್ ಪಂದ್ಯಗಳನ್ನಾಡುತ್ತವೆ. ನಮ್ಮಲ್ಲಿ ರೈಲ್ವೆ ಇಲಾಖೆಯು ಆಟಗಾರ್ತಿಯರಿಗೆ ಉದ್ಯೋಗ ನೀಡಿ ದೊಡ್ಡ ಉಪಕಾರ ಮಾಡಿದೆಯಾದರೂ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಕೆಲವೇ ದಿನಗಳಲ್ಲಿ ಮುಗಿದುಹೋಗುವಂಥದು. ಸೋತು, ತಿದ್ದಿಕೊಂಡು, ಮುಂದಿನ ವಾರ ಮತ್ತೆ ಎದುರಾಗುವ ಅವಕಾಶವೇ ಲೀಗ್ ಪಂದ್ಯಗಳ ನಿಜವಾದ ಕೊಡುಗೆ. ಅದು ಇಲ್ಲದೆಡೆ ಪ್ರತಿಭೆ ಇದ್ದೂ ಪಳಗುವುದಿಲ್ಲ.

ಇಂತಹ ಅವಕಾಶವನ್ನು ದೊಡ್ಡ ಸಂಸ್ಥೆಗಳೇ ಒದಗಿಸಬೇಕೆಂದೇನೂ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ ಕಥೋಲಿಕ ಧರ್ಮಭಗಿನಿಯರು ನಡೆಸುತ್ತಿದ್ದ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಮಹಿಳಾ ಕಾಲೇಜಿನ ಚರಿತ್ರೆ ಇದಕ್ಕೆ ಸಾಕ್ಷಿ. ಆ ಕಾಲೇಜಿನ ವ್ಯಾಯಾಮಶಾಲೆ ಬೆಂಕಿಗೆ ಆಹುತಿಯಾಗಿತ್ತು. 1972ರಲ್ಲಿ ಮಹಿಳಾ ಕಾಲೇಜುಗಳ ಪ್ರಥಮ ರಾಷ್ಟ್ರೀಯ ಪಂದ್ಯಾವಳಿಗೆ ಹೊರಟಾಗ ಹಣದ ಅಭಾವದಿಂದ ಎಂಟೇ ಆಟಗಾರ್ತಿಯರು ಪ್ರಯಾಣ ಬೆಳೆಸಿದರು. ಕೆಲವೇ ದಿನಗಳ ಹಿಂದೆ ತಮ್ಮನ್ನು 32 ಅಂಕಗಳಿಂದ ಸೋಲಿಸಿದ್ದ ವೆಸ್ಟ್ ಚೆಸ್ಟರ್ ತಂಡವನ್ನೇ ಅಂತಿಮ ಪಂದ್ಯದಲ್ಲಿ 52-48ರಿಂದ ಸೋಲಿಸಿದರು. 1973 ಮತ್ತು 1974ರಲ್ಲಿಯೂ ಪ್ರಶಸ್ತಿ ಅವರದೇ. ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಲೋಹದ ಬಕೆಟ್ಟುಗಳನ್ನು ಬಡಿದು ಹುರಿದುಂಬಿಸುತ್ತಿದ್ದ ಧರ್ಮಭಗಿನಿಯರು ಆ ತಂಡದಷ್ಟೇ ಪ್ರಸಿದ್ಧರಾದರು. ಗಮನಿಸಬೇಕಾದ ಸಂಗತಿಯೆಂದರೆ, ಆ ಹುಡುಗಿಯರಲ್ಲಿ ಹಲವರು ಆಟ ಕಲಿತದ್ದು ಫಿಲಡೆಲ್ಫಿಯಾ ನಗರದ ಧರ್ಮಕೇಂದ್ರಗಳ ಮತ್ತು ಕಥೋಲಿಕ ಶಾಲೆಗಳ ಲೀಗ್ ಪಂದ್ಯಗಳಲ್ಲಿ. ರಾಷ್ಟ್ರದ ಕಿರೀಟಕ್ಕೆ ಬೇರು ಇದ್ದದ್ದು ನೆರೆಹೊರೆಯ ಅಂಗಳದಲ್ಲಿ.

ದೊಡ್ಡನೆಕ್ಕುಂದಿಯಲ್ಲಿ ಜಾಗವೆಲ್ಲಿದೆ ಎಂದು ಕೇಳುವವರುಂಟು. ಪೂರ್ಣ ಅಂಗಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಬೇಕು ನಿಜ. ಆದರೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾದ ಮೂವರ ಆಟಕ್ಕೆ 15 ಮೀಟರ್ ಅಗಲ, 11 ಮೀಟರ್ ಉದ್ದದ ನೆಲವೂ, 3.05 ಮೀಟರ್ ಎತ್ತರದಲ್ಲಿ ಒಂದೇ ಒಂದು ರಿಂಗೂ ಸಾಕು. ಪ್ರತಿ ತಂಡದಲ್ಲಿ ಮೂವರು ಆಡುವವರು, ಒಬ್ಬಳು ಬದಲಿ ಆಟಗಾರ್ತಿ. ಹತ್ತು ನಿಮಿಷ ತುಂಬಿದಾಗ, ಅಥವಾ ಅದಕ್ಕೂ ಮೊದಲೇ ಒಂದು ತಂಡ 21 ಅಂಕ ಮುಟ್ಟಿದಾಗ, ಪಂದ್ಯ ಮುಗಿಯುತ್ತದೆ. ನಾಲ್ಕು ತಂಡಗಳೆಂದರೆ 16 ಹುಡುಗಿಯರು. ಪ್ರತಿಯೊಂದು ತಂಡವೂ ಉಳಿದ ಮೂರನ್ನು ಒಮ್ಮೊಮ್ಮೆ ಎದುರಿಸಿದರೆ ಒಟ್ಟು ಆರು ಪಂದ್ಯಗಳು. ಭಾನುವಾರದ ಪೂಜೆಯ ನಂತರ ವಾರಕ್ಕೆರಡು ಪಂದ್ಯಗಳಂತೆ ಆಡಿಸಿದರೂ ಮೂರು ವಾರಗಳಲ್ಲಿ ಒಂದು ಸುತ್ತು ಪೂರ್ಣಗೊಳ್ಳುವುದು. ಶಾಲೆಯ ಅಂಗಳವಾಗಲಿ, ಧರ್ಮಕೇಂದ್ರದ ಅಂಗಳವಾಗಲಿ, ಯಾವುದಾದರೊಂದು ಕಾರ್ಖಾನೆಯ ರಜಾದಿನದ ವಾಹನ ನಿಲುಗಡೆಯ ಜಾಗವಾಗಲಿ ಇದಕ್ಕೆ ಸಾಲದೇ ಹೋಗದು.

ಜಾಗಕ್ಕಿಂತ ದೊಡ್ಡ ಅಡಚಣೆ ನಮ್ಮ ಮನೆಗಳಲ್ಲಿದೆ. ಮಗಳು ಹತ್ತನೆಯ ತರಗತಿಗೆ ಬಂದೊಡನೆ "ಇನ್ನು ಆಟ ಸಾಕಮ್ಮಾ" ಎನ್ನುವ ಮಾತು ಎಷ್ಟೋ ಕುಟುಂಬಗಳಲ್ಲಿ ಕೇಳಿಬರುತ್ತದೆ. ಪರೀಕ್ಷೆಯ ಚಿಂತೆ, ಕತ್ತಲಾದ ಮೇಲಿನ ರಸ್ತೆಯ ಭಯ, ನೆಂಟರಿಷ್ಟರ ಮಾತು ಇವೆಲ್ಲವೂ ಅದಕ್ಕೆ ಕಾರಣಗಳು. ಭಯವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಅದೇ ವಯಸ್ಸಿನ ಮಗನಿಗೆ ಸಂಜೆಯ ಕ್ರಿಕೆಟ್ಟಿಗೆ ಅಡ್ಡಿಯಿಲ್ಲವೆಂದಾದರೆ, ನಾವು ಕಾಯುತ್ತಿರುವುದು ಮಕ್ಕಳ ವಿದ್ಯೆಯನ್ನೋ ಅಥವಾ ಹಳೆಯ ರೂಢಿಯನ್ನೋ ಎಂದು ಯೋಚಿಸಬೇಕು. ಆಟ ನಡೆಯುವಾಗ ಒಬ್ಬ ತಾಯಿಯೋ ತಂದೆಯೋ ಅಂಗಳದಲ್ಲಿ ಸರದಿಯಂತೆ ಕುಳಿತರೆ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ.

ಎಲ್ಲ ಹೆಣ್ಣುಮಕ್ಕಳೂ ಭಾರತದ ಅಂಗಿ ತೊಡಲಾರರು; ತೊಡಬೇಕಾಗಿಯೂ ಇಲ್ಲ. ಸಹಆಟಗಾರ್ತಿಗೆ ಚೆಂಡು ನೀಡುವುದನ್ನು, ತೀರ್ಪುಗಾರರ ಸೀಟಿಗೆ ತಲೆಬಾಗುವುದನ್ನು, ಸೋಲುಂಡ ಮೇಲೂ ಮರುವಾರ ಅಂಗಳಕ್ಕಿಳಿಯುವುದನ್ನು ಅವರು ಕಲಿತರೆ ಆ ಬಾಳುವೆಗೆ ಅದೇ ದೊಡ್ಡ ಸಂಪಾದನೆ. ಮುಂದೆಂದಾದರೂ ಕಂಠೀರವದಲ್ಲಿ ಎರಡು ಅಂಕಗಳ ಅಂತರದ ಪಂದ್ಯವೊಂದು ನಡೆದಾಗ, ಆ ಅಂಗಣದಲ್ಲಿ ನಮ್ಮ ಬಡಾವಣೆಯ ಹುಡುಗಿಯೊಬ್ಬಳು ಇರಬೇಕಾದರೆ, ಆಕೆಗೆ ಈ ವರ್ಷವೇ ಒಂದು ಚೆಂಡೂ ಒಂದು ಗಂಟೆಯ ಬಿಡುವೂ ದೊರೆಯಬೇಕು. ಅದನ್ನು ಕೊಡುವ ಅಧಿಕಾರ ಯಾವ ಸಂಘದ್ದೂ ಅಲ್ಲ, ಆಕೆಯ ಮನೆಯವರದು.