ಗಾಳಿಯಲ್ಲಿ ತೇಲುತ್ತಿದ್ದ ಒಸಾಕಾದ ಮೀನು

ಜಪಾನಿನ ಒಸಾಕಾ ನಗರದ ದಕ್ಷಿಣ ಭಾಗದಲ್ಲಿ ಶಿನ್‌ಸೆಕಾಯ್ ಎಂಬ ಹಳೆಯ ಪೇಟೆಯಿದೆ. ಅಲ್ಲಿನ ತ್ಸೂತೆನ್‌ಕಾಕು ಗೋಪುರದ ಹಳೆಯ ಫೋಟೊಗಳನ್ನು ನೋಡಿದವರಿಗೆ ಗೋಪುರದ ಜೊತೆಗೇ ಇನ್ನೊಂದು ಆಕೃತಿ ನೆನಪಿರುತ್ತದೆ. ಹೊಟ್ಟೆ ಉಬ್ಬಿಸಿಕೊಂಡು, ಕಣ್ಣರಳಿಸಿಕೊಂಡು ಬೀದಿಯ ಮೇಲೆ ತೂಗುತ್ತಿದ್ದ, ಸುಮಾರು 5 ಮೀಟರ್ ಉದ್ದದ ಮೀನು. ಜುಬೋರಾಯಾ ಎಂಬ ಹೋಟೆಲಿನ ಲಾಟೀನು ಅದು. ರಾತ್ರಿ ಅದರೊಳಗೆ ದೀಪ ಹೊತ್ತಿತೆಂದರೆ ಇಡೀ ಬೀದಿಗೆ ಹಬ್ಬದ ಕಳೆ.

1920ರಲ್ಲಿ ಶುರುವಾದ ಈ ಹೋಟೆಲು ತನ್ನ ನೂರನೇ ವರ್ಷದಲ್ಲೇ ಬಾಗಿಲು ಹಾಕಿತು. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದಾಗಿ ವ್ಯಾಪಾರ ನಿಂತಿತು. ಮತ್ತೆ ತೆರೆಯುವುದಿಲ್ಲವೆಂದು ಜೂನ್‌ನಲ್ಲಿ ಮಾಲೀಕರು ತಿಳಿಸಿದರು. ಸೆಪ್ಟೆಂಬರ್ 15ಕ್ಕೆ ಶಿನ್‌ಸೆಕಾಯ್ ಮತ್ತು ದೋತೊಂಬೋರಿ ಪೇಟೆಗಳಲ್ಲಿದ್ದ ಅದರ ಎರಡೂ ಅಂಗಡಿಗಳ ಕಥೆ ಮುಗಿಯಿತು. ಅದಕ್ಕೂ ಮೊದಲೇ, ಆ ತಿಂಗಳ ಆರಂಭದಲ್ಲಿ, ಶಿನ್‌ಸೆಕಾಯ್‌ನ ಲಾಟೀನನ್ನು ಕೆಳಗಿಳಿಸಿದ್ದರು. ಒಂದು ಅಂಗಡಿಯ ಫಲಕಕ್ಕೆ ಊರು ಅಷ್ಟೊಂದು ಮರುಗಿದ್ದೇಕೆ ಎಂದು ತಿಳಿಯಬೇಕಾದರೆ ಆ ಮೀನಿನ ವಿಷಯ ಗೊತ್ತಿರಬೇಕು.

ಅದು ಫುಗು. ಇದರ ಪಿತ್ತಜನಕಾಂಗ ಮತ್ತು ಅಂಡಾಶಯಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ತಿಂದವನ ತುಟಿ, ನಾಲಗೆ ಮೊದಲು ಜೋಮು ಹಿಡಿಯುತ್ತವೆ, ಆಮೇಲೆ ಕೈಕಾಲು, ಕೊನೆಗೆ ಉಸಿರು. ಹದಿನಾರನೇ ಶತಮಾನದ ಕೊನೆಯಲ್ಲಿ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ತನ್ನ ಸೈನಿಕರು ಇದನ್ನು ತಿಂದು ಸಾಯುವುದನ್ನು ಕಂಡು ನಿಷೇಧ ಹೇರಿದ. ಆ ನಿಷೇಧ ಒಂದಲ್ಲ ಒಂದು ರೂಪದಲ್ಲಿ ಶತಮಾನಗಳ ಕಾಲ ಮುಂದುವರಿಯಿತು. 1888ರಲ್ಲಿ ಪ್ರಧಾನಿಯಾಗಿದ್ದ ಇತೊ ಹಿರೊಬುಮಿ ಯಾಮಾಗುಚಿ ಪ್ರಾಂತ್ಯದ ಶಿಮೊನೊಸೆಕಿಯಲ್ಲಿ ಫುಗುವಿನ ರುಚಿಗೆ ಮನಸೋತ ಮೇಲೆ ಆ ಪ್ರಾಂತ್ಯದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಹಾಗಂತ ಅಪಾಯ ತಪ್ಪಲಿಲ್ಲ. ಹೆಸರಾಂತ ಕಬುಕಿ ನಟ ಎಂಟನೆಯ ಬಾಂದೊ ಮಿತ್ಸುಗೊರೊ 1975ರಲ್ಲಿ ಕ್ಯೋಟೊದಲ್ಲಿ ಫುಗುವಿನ ಪಿತ್ತಜನಕಾಂಗ ತಿಂದು ತೀರಿಕೊಂಡ.

ಹೀಗಿರುವ ಮೀನನ್ನು ತಟ್ಟೆಗೆ ತರುವುದು ದೊಡ್ಡ ಕಸುಬು. ಬಾಣಸಿಗನಿಗೆ ಪರವಾನಗಿ ಬೇಕೇಬೇಕು. ಫುಗು ಮಾರಾಟಕ್ಕೆಂದೇ ಮೊದಲು ನಿಯಮ ಮಾಡಿದ ಪ್ರಾಂತ್ಯ ಒಸಾಕಾ, 1948ರಲ್ಲಿ. ಚರ್ಮ ಸುಲಿಯಬೇಕು, ವಿಷದ ಅಂಗಗಳನ್ನು ಹರಿಯದಂತೆ ಬಿಡಿಸಿ ಬೇರೆ ಇಡಬೇಕು, ಮಾಂಸವನ್ನು ರಕ್ತದ ಕಲೆ ಉಳಿಯದಂತೆ ತೊಳೆಯಬೇಕು. ಬೇರೆ ಮಾಡಿದ ಅಂಗಗಳು ಕಸದ ಬುಟ್ಟಿಗೆ ಹೋಗುವ ಹಾಗಿಲ್ಲ, ಬೀಗ ಹಾಕಿದ ಡಬ್ಬಿಯಲ್ಲಿರಬೇಕು. ಇಷ್ಟಾದ ಮೇಲೆ ಚಾಕುವಿನ ಕೈಚಳಕ. ಫುಗುವಿನ ಮಾಂಸ ಬಿಗಿ, ದಪ್ಪಗೆ ಕತ್ತರಿಸಿದರೆ ಅಗಿಯಲಾಗದು. ಅದಕ್ಕೇ ತಟ್ಟೆಯ ಚಿತ್ತಾರ ಕೆಳಗಿನಿಂದ ಕಾಣುವಷ್ಟು ತೆಳ್ಳಗೆ ಸೀಳಿ, ಸೇವಂತಿಗೆಯ ದಳಗಳಂತೆ ಜೋಡಿಸುತ್ತಾರೆ.

ದುಬಾರಿ ಹೋಟೆಲುಗಳ, ದೊಡ್ಡವರ ಔತಣದ ಮೀನು ಇದು. ಜುಬೋರಾಯಾ ಅದನ್ನು ಕೈಗೆಟುಕುವ ದರಕ್ಕೆ ಕೊಟ್ಟಿತು. ಕೂಲಿ ಮಾಡುವವರು, ಸಣ್ಣ ಅಂಗಡಿಯವರು, ಅಗ್ಗದ ನಾಟಕ ನೋಡಲು ಬರುವವರು ಓಡಾಡುವ ಬೀದಿಯಲ್ಲಿ ಸಂಸಾರ ಸಮೇತ ಕೂತು ಫುಗು ತಿನ್ನಬಹುದು ಎಂಬುದನ್ನು ಅದು ಸಹಜ ಮಾಡಿತು. ದೇಶದ ಫುಗುವಿನಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮೂರಲ್ಲೇ ಖರ್ಚಾಗುತ್ತದೆ ಎಂದು ಒಸಾಕಾದವರು ಹೇಳಿಕೊಳ್ಳುವ ಹೆಮ್ಮೆಯಲ್ಲಿ ಇಂಥ ಹೋಟೆಲುಗಳ ಪಾಲು ಬಹಳ ದೊಡ್ಡದು. ಸಾವಿನ ಹೆಸರಿದ್ದ ಮೀನು ಮಕ್ಕಳು ಬೆರಳು ತೋರಿಸಿ ನಗುವ ಲಾಟೀನಾಯಿತಲ್ಲ, ನನ್ನ ದೃಷ್ಟಿಯಲ್ಲಿ ಆ ಹೋಟೆಲಿನ ದೊಡ್ಡ ಸಾಧನೆ ಅದೇ.

ಲಾಟೀನು ಕಣ್ಣಿಗೆ ಮಾಡಿದ ಕೆಲಸವನ್ನು ಕಿವಿಗೆ ಮಾಡಿದ ಹಾಡೊಂದು ಜಪಾನಿನಲ್ಲಿದೆ. ಅದರ ಹೆಸರು ‘ಒಸಕಾನಾ ತೆಂಗೋಕು’, ಅಂದರೆ ಮೀನುಗಳ ಸ್ವರ್ಗ. ಮೀನುಗಾರರ ಸಹಕಾರ ಸಂಘಗಳ ರಾಷ್ಟ್ರೀಯ ಒಕ್ಕೂಟ ಜನರಿಗೆ ಮೀನು ತಿನ್ನಿಸಲೆಂದೇ 1991ರಲ್ಲಿ ಮಾಡಿಸಿದ ಹಾಡು ಅದು. ಹಾಡಿದವರು ಶಿಬಾಯಾ ಹಿರೋಮಿ. ಮೀನಿನ ಹೆಸರುಗಳನ್ನೇ ಮಾತಿನೊಳಗೆ ಹೆಣೆದು ಶ್ಲೇಷೆಯ ಆಟವಾಡುತ್ತಾ, ನಮ್ಮ ಬೂತಾಯಿಯ ನಂಟನಾದ ಇವಾಶಿಯನ್ನೂ ಕರೆದುಕೊಂಡು, ಮೀನು ತಿಂದರೆ ಬುದ್ಧಿ ಚುರುಕಾಗುತ್ತದೆ ಎಂದು ಕುಣಿಯುತ್ತಾ ಸಾಗುತ್ತದೆ. ಸೂಪರ್‌ಮಾರ್ಕೆಟ್ಟುಗಳ ಮೀನಿನ ಕಟ್ಟೆಯ ಪಕ್ಕದ ಟೇಪ್‌ರೆಕಾರ್ಡರಿನಲ್ಲಿ ವರ್ಷಗಟ್ಟಲೆ ಇದು ಮೊಳಗಿತು. ಅಮ್ಮಂದಿರ ಜೊತೆ ಬಂದ ಮಕ್ಕಳು ಬಾಯಿಪಾಠ ಮಾಡಿಕೊಂಡರು. ಬೇಡಿಕೆ ಎಷ್ಟು ಬೆಳೆಯಿತೆಂದರೆ 2002ರಲ್ಲಿ ಸಿ.ಡಿ.ಯಾಗಿ ಮಾರುಕಟ್ಟೆಗೆ ಬಂದು ದೇಶದ ಜನಪ್ರಿಯ ಹಾಡುಗಳ ಪಟ್ಟಿ ಸೇರಿತು.

ಅದೇ ಹೊತ್ತಿಗೆ ಜಪಾನೀಯರ ಊಟದಲ್ಲಿ ಮೀನು ಕಡಿಮೆಯಾಗತೊಡಗಿತ್ತು. 2001ರಲ್ಲಿ ತಲಾ ಸುಮಾರು 40 ಕಿಲೊ ಇದ್ದ ವಾರ್ಷಿಕ ಬಳಕೆ 2020ರ ವೇಳೆಗೆ 23 ಕಿಲೊ ಚಿಲ್ಲರೆಗೆ ಇಳಿದಿತ್ತು. 2011ರಲ್ಲಿ ಮಾಂಸ ಮೀನನ್ನು ಹಿಂದೆ ಹಾಕಿತು. ಮುಳ್ಳು ತೆಗೆಯುವ ಪಾಡು, ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಹೋಗದ ವಾಸನೆ, ಏರಿದ ಬೆಲೆ, ದುಡಿದು ಬಂದವರಿಗೆ ಅಡುಗೆಗೆ ಸಿಗದ ಹೊತ್ತು, ಕಾರಣಗಳು ಹಲವು. ಹಾಡು ಮೀನನ್ನು ಮನಸ್ಸಿಗೆ ಹತ್ತಿರ ತರಬಲ್ಲದು, ಆದರೆ ಹೊಟ್ಟೆ ಸೀಳಿ ತೊಳೆದುಕೊಡಲಾರದು. ಆ ಕೆಲಸಕ್ಕೆ ಕಸುಬು ಬಲ್ಲ ಕೈ ಬೇಕು, ಕೂತು ತಿನ್ನಲು ಜುಬೋರಾಯಾದಂಥ ಜಾಗ ಬೇಕು. ಅದಕ್ಕೇ ಒಂದು ಹೋಟೆಲು ಮುಚ್ಚಿದ ಸುದ್ದಿ ನನಗೆ ಬರೀ ವ್ಯಾಪಾರದ ಸುದ್ದಿಯಾಗಿ ಕಾಣುವುದಿಲ್ಲ.

ಒಸಾಕಾದಲ್ಲಿ ಫುಗು ಹೋಟೆಲುಗಳು ಈಗಲೂ ಇವೆ. ಚಳಿಗಾಲದಲ್ಲಿ ಆ ಕಡೆ ಹೋಗುವ ಮೀನುಪ್ರಿಯರು ಮೊದಲು ತೆಳ್ಳನೆಯ ಹಸಿ ಮೀನು ‘ತೆಸ್ಸಾ’ವನ್ನು ಹುಳಿ ಸೋಯಾದಲ್ಲಿ ಅದ್ದಿ ತಿನ್ನಬೇಕು, ಆಮೇಲೆ ತರಕಾರಿಯ ಜೊತೆ ಕುದಿಸಿದ ‘ತೆಚ್ಚಿರಿ’. ಪಾತ್ರೆಯ ತಳದ ಸಾರನ್ನು ಮಾತ್ರ ಬಿಟ್ಟೇಳಬಾರದು. ಅದಕ್ಕೇ ಅನ್ನ ಹಾಕಿ, ಮೊಟ್ಟೆ ಒಡೆದು ಗಂಜಿ ಮಾಡಿಕೊಡುತ್ತಾರೆ. ಊಟದ ರುಚಿಯೆಲ್ಲ ಇಳಿದಿರುವುದು ಅದರಲ್ಲೇ.