ಸೊನ್ನೆ ಮುಟ್ಟದ ಕರೆಂಟು

ಕತ್ತಲಲ್ಲಿ ಫ್ಯಾನಿನ ಸ್ವಿಚ್ ಆರಿಸಿದರೆ ಕೆಲವೊಮ್ಮೆ ಅದರೊಳಗೆ ನೀಲಿ ಕಿಡಿಯೊಂದು ಮಿಂಚಿ ಮಾಯವಾಗುತ್ತದೆ. ಅದು ಅಷ್ಟು ಬೇಗ ಆರಲು ಕರೆಂಟಿನ ಸ್ವಭಾವವೇ ನೆರವಾಗುತ್ತದೆ. ಮನೆಗೆ ಬರುವ 50 ಹರ್ಟ್ಜ್‌ನ ಎಸಿ ಕರೆಂಟು ದಿಕ್ಕು ಬದಲಿಸುತ್ತ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಆ ಗಳಿಗೆಯಲ್ಲಿ ಕಿಡಿ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿಗೆ ಆ ಸೊನ್ನೆಯೇ ಇಲ್ಲ. ಸ್ವಿಚ್ಚಿನ ತುದಿಗಳು ದೂರ ಸರಿದರೂ ನಡುವಿನ ಕಾದ ಗಾಳಿಯನ್ನೇ ತಂತಿ ಮಾಡಿಕೊಂಡು ಹರಿಯುತ್ತಲೇ ಇರಬಹುದು. ಸಾವಿರಾರು ಡಿಗ್ರಿ ಕಾವಿನ ಈ ಆರದ ಕಿಡಿ, ಅಂದರೆ ಆರ್ಕ್, ತಾಮ್ರವನ್ನೂ ಕರಗಿಸಬಲ್ಲದು.

ಮನೆಯ ಸೋಲಾರ್ ಇನ್ವರ್ಟರಿನ ಬ್ಯಾಟರಿ ಬರೀ 48 ವೋಲ್ಟ್ ತಾನೇ ಎನ್ನುವವರು ಆಂಪಿಯರ್ ಲೆಕ್ಕ ಹಾಕಬೇಕು. 5 ಕಿಲೋವ್ಯಾಟ್ ಲೋಡಿಗೆ 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್ ಸಾಕು. 48 ವೋಲ್ಟಿನ ಬ್ಯಾಟರಿಯಿಂದ 100ಕ್ಕೂ ಹೆಚ್ಚು ಬೇಕು. ಸ್ಪ್ಯಾನರ್ ಜಾರಿ ಟರ್ಮಿನಲ್‌ಗಳ ನಡುವೆ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ನುಗ್ಗಬಹುದು. ಶಾಕ್ ಹೊಡೆಯದ ವೋಲ್ಟೇಜೂ ಹೀಗೆ ಅಡ್ಡ ಸಿಕ್ಕ ಬೆರಳಿನ ಉಂಗುರವನ್ನು ಕೆಂಪಗೆ ಕಾಯಿಸಬಲ್ಲದು. ಹಾಗಾಗಿ ಕೇಬಲ್ ಕೆಲಸವನ್ನು ಬಲ್ಲವರಿಗೇ ಬಿಡಿ. ಯುಪಿಎಸ್‌ನ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಕೇಬಲ್ ತುದಿಯ ಲಗ್ ಕಿತ್ತಾಗ ಹಾರುವ ಒಂದು ಕಿಡಿಗೇ ಅದು ಸಿಡಿಯಬಹುದು.

ಬ್ಯಾಟರಿ ಮತ್ತು ಇನ್ವರ್ಟರ್ ನಡುವೆ ಮನೆಯ ಎಸಿ ಬ್ರೇಕರ್ (ಎಂಸಿಬಿ) ಹಾಕುವಂತಿಲ್ಲ. ಡಿಸಿ ಬ್ರೇಕರ್‌ಗಳಲ್ಲಿ ಹಲವುಗಳ ಒಳಗೆ ಆಯಸ್ಕಾಂತವಿರುತ್ತದೆ. ಅದು ಆರ್ಕನ್ನು ಲೋಹದ ತಗಡುಗಳ ಸಾಲಿಗೆ ತಳ್ಳುತ್ತದೆ. ಅಲ್ಲಿ ಆರ್ಕ್ ತುಂಡಾಗಿ ತಣಿಯುತ್ತದೆ. ಆದರೆ ಮೈಮೇಲೆ + ಮತ್ತು − ಗುರುತಿರುವ ಬ್ರೇಕರಿನಲ್ಲಿ ಕರೆಂಟು ತಿರುವುಮುರುವಾದರೆ ಆರ್ಕ್ ತಗಡುಗಳಿಂದ ದೂರಕ್ಕೆ ಓಡುತ್ತದೆ. ಬ್ಯಾಟರಿಯಲ್ಲಿ ಕರೆಂಟು ಚಾರ್ಜ್ ಆಗುವಾಗ ಒಂದು ಕಡೆಗೆ, ಬಳಸುವಾಗ ಇನ್ನೊಂದು ಕಡೆಗೆ ಹರಿಯುತ್ತದಲ್ಲ! ಆದ್ದರಿಂದ ಎರಡೂ ದಿಕ್ಕಿಗೆ ಒಗ್ಗುವ ಡಿಸಿ ಬ್ರೇಕರನ್ನೇ ಕೇಳಿ ತನ್ನಿ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ, ಶಾರ್ಟ್ ಆದಾಗಿನ ಸಾವಿರಾರು ಆಂಪಿಯರನ್ನು ಕಡಿಯಬಲ್ಲ ಡಿಸಿ ಫ್ಯೂಸೂ ಇರಲಿ.

ಸ್ವಿಚ್ ಎಷ್ಟೇ ಒಳ್ಳೆಯದಿದ್ದರೂ ಡಿಸಿಗೆ ಇಲ್ಲದ ಸೊನ್ನೆಯನ್ನು ಮೊದಲು ನಾವೇ ತಂದುಕೊಡುವುದು ಜಾಣತನ. ಬ್ಯಾಟರಿಯ ಕರೆಂಟು ಮೊದಲೇ ನಿಲ್ಲುವಂತೆ ಆರಿಸುವ ಕ್ರಮ ಹೀಗಿರಲಿ:

1. ಮನೆಯ ಲೋಡ್
2. ಸೋಲಾರ್ ಪ್ಯಾನೆಲ್‌ನ ಡಿಸಿ ಸ್ವಿಚ್
3. ಇನ್ವರ್ಟರ್, ಅದರ ಮೇನ್ಸ್ ಚಾರ್ಜಿಂಗ್ ಸಹಿತ
4. ಕೊನೆಗೆ ಬ್ಯಾಟರಿಯ ಬ್ರೇಕರ್

ಬಿಸಿಲಿರುವಾಗ ಪ್ಯಾನೆಲ್‌ನ ಕನೆಕ್ಟರನ್ನು ಕೈಯಿಂದ ಎಳೆದು ಬಿಡಿಸಬೇಡಿ. ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ನೂರಾರು ವೋಲ್ಟ್ ಇರಬಹುದು.

ಮತ್ತೆ ಶುರು ಮಾಡುವಾಗ ಬ್ಯಾಟರಿಯೇ ಮೊದಲು. ಆದರೆ ಇನ್ವರ್ಟರ್ ಒಳಗಿನ ಖಾಲಿ ಕೆಪಾಸಿಟರ್‌ಗಳು ಒಂದೇ ಗುಟುಕಿಗೆ ನೂರಾರು ಆಂಪಿಯರ್ ಹೀರುತ್ತವೆ. ಸರಿಯಿರುವ ಬ್ರೇಕರ್ ಟ್ರಿಪ್ ಆಗುವುದು, ಲಗ್‌ನ ಅಂಚಿನಲ್ಲಿ ಕಪ್ಪು ಗುಳಿ ಬೀಳುವುದು ಎಷ್ಟೋ ಸಲ ಇದರಿಂದಲೇ. ತಯಾರಕರು ಕೆಪಾಸಿಟರ್ ಅನ್ನು ಮೊದಲೇ ನಿಧಾನವಾಗಿ ತುಂಬಿಸುವ ಪ್ರೀಚಾರ್ಜ್ ಕೊಟ್ಟಿದ್ದರೆ ಸರಿ. ಇಲ್ಲದಿದ್ದರೆ ತೆರೆದ ಬ್ರೇಕರಿಗೆ ಅಡ್ಡಲಾಗಿ ರೆಸಿಸ್ಟರಿನ ದಾರಿಯೊಂದನ್ನು ಎಲೆಕ್ಟ್ರಿಷಿಯನ್ ಜೋಡಿಸಬೇಕು. 25 ಓಮಿನದಾದರೆ 48 ವೋಲ್ಟಿನಲ್ಲಿ ಹರಿಯುವುದು ಹೆಚ್ಚೆಂದರೆ ಸುಮಾರು 2 ಆಂಪಿಯರ್. ಕೆಲವು ಸೆಕೆಂಡಿನಲ್ಲಿ ಕೆಪಾಸಿಟರ್ ತುಂಬಿಕೊಂಡ ಮೇಲೆ ಬ್ರೇಕರ್ ಹಾಕಿದರೆ ಕಿಡಿ ಹಾರದು.

ಆರಿಸುವ, ಶುರು ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆದು ಬ್ರೇಕರ್ ಪಕ್ಕದಲ್ಲೇ ಅಂಟಿಸಿ. ಹೊಗೆ ಕಂಡ ದಿನ ಮಾತ್ರ ಚೀಟಿ ಓದುತ್ತ ನಿಲ್ಲಬೇಡಿ. ಕೈಗೆಟುಕುವಂತಿದ್ದರೆ ಬ್ರೇಕರನ್ನು ನೇರವಾಗಿ ಇಳಿಸಿ ಹೊರಗೆ ಬನ್ನಿ. ಒಳ್ಳೆಯ ಬ್ರೇಕರಿಗೆ ದುಡ್ಡು ಕೊಟ್ಟದ್ದು ಆ ಒಂದು ಸಲಕ್ಕೆ.