ಮನೆಯ ಮುಂದಿನ ಬೀದಿ ಯಾರದು?

ಊರಿನಲ್ಲಿದ್ದಾಗ ಮನೆಯ ಮುಂದಿನ ಅಂಗಳ ಯಾರದೆಂಬ ಪ್ರಶ್ನೆ ನಮಗೆ ಎಂದೂ ಬಂದಿರಲಿಲ್ಲ. ನೆಂಟರ ಜೀಪು ಬಂದರೆ ಹಲಸಿನ ಮರದಡಿ ನಿಲ್ಲುತ್ತಿತ್ತು. ಅಡಕೆ ಒಣಗಿಸುವ ಕಾಲ ಬಂದರೆ ಗೇಟಿನ ಹೊರಗೆ ಹೋಗುತ್ತಿತ್ತು. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದು ವಿಲೆ ಪಾರ್ಲೆಯ ಪೂರ್ವದ ಓಣಿಯೊಂದರಲ್ಲಿ ಬಿಡಾರ ಹೂಡಿದ ಮೇಲೆ, ಅದರಲ್ಲಿಯೂ ನಾಲ್ಕು ವರ್ಷಗಳ ಹಿಂದೆ ಸಾಲ ತೆಗೆದು ಸಣ್ಣದೊಂದು ಕಾರು ಕೊಂಡ ಮೇಲೆ, ಆ ಪ್ರಶ್ನೆ ದಿನವೂ ಸಂಜೆ ನಮ್ಮೆದುರು ಬಂದು ನಿಲ್ಲುತ್ತದೆ. ನಿಲ್ಲಲು ಜಾಗವಿಲ್ಲದುದು ಕಾರಿಗೆ ಮಾತ್ರ.

ನಾವು ಬಾಡಿಗೆಗಿರುವುದು ಮೂರು ಮಾಳಿಗೆಯ ಹಳೆಯ ಕಟ್ಟಡದಲ್ಲಿ. ಅದನ್ನು ಕಟ್ಟಿದವರು ಗುಮಾಸ್ತನ ಮನೆಗೂ ಕಾರು ಬಂದೀತೆಂದು ಎಣಿಸಿರಲಿಲ್ಲ. ವಿಮಾನ ನಿಲ್ದಾಣ ಮಗ್ಗುಲಲ್ಲೇ ಇರುವುದರಿಂದ ಇಲ್ಲಿ ಕಟ್ಟಡದ ಎತ್ತರಕ್ಕೆ ಮಿತಿಯುಂಟು. ಆದ್ದರಿಂದ ಹಳೆಯದನ್ನು ಕೆಡವಿ ಎತ್ತರವಾಗಿ ಕಟ್ಟಿ, ಕೆಳಗೆ ವಾಹನಗಳಿಗೆ ಜಾಗ ಬಿಡುವ ಕೆಲಸ ಎಷ್ಟೋ ಕಡೆ ನಿಂತುಹೋಗಿದೆ. ಕಾರುಗಳೆಲ್ಲ ಬೀದಿಯ ಪಾಲಾಗಿವೆ. ಜಾಗ ಹಿಡಿಯಲೆಂದು ಬಕೆಟ್ಟು, ಮುರಿದ ಕುರ್ಚಿ, ಹೂವಿನ ಕುಂಡಗಳನ್ನು ಇಡುವವರನ್ನು ಕಂಡು ನಾವು ನಗುತ್ತಿದ್ದೆವು. ಒಂದು ದಿನ ನಾವೂ ಒಡೆದ ಡ್ರಮ್ಮೊಂದನ್ನು ತಂದಿಟ್ಟೆವೆಂದು ಒಪ್ಪಿಕೊಳ್ಳಲೇಬೇಕು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡನೆಯ ಮಾಳಿಗೆಯ ಅಜ್ಜಿಗೆ ಎದೆನೋವು ಬಂತು. ಆಂಬುಲೆನ್ಸು ಬೇಗನೆ ಓಣಿಯ ಬಾಯಿಗೆ ಬಂದಿತಾದರೂ ಒಳಗೆ ಬರಲಾರದೆ ಹೋಯಿತು. ಯಾವ ಕಾರು ಯಾರದೆಂದು ಕೇಳಿ ಎಬ್ಬಿಸುವಷ್ಟು ವ್ಯವಧಾನವೆಲ್ಲಿ? ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೆಗಲು ಕೊಟ್ಟು, ಮಳೆಯಲ್ಲೇ ಓಣಿಯ ತುದಿಯವರೆಗೆ ಹೊತ್ತೆವು. ತಿರುವಿನಲ್ಲಿ ಚಾಚಿಕೊಂಡು ನಿಂತಿದ್ದ ಕಾರಿನ ಕನ್ನಡಿ ನಮ್ಮ ಮೊಣಕೈಗೆ ಬಡಿಯಿತು. ನೋಡಿದರೆ ಅದು ನಮ್ಮದೇ ಕಾರು. ದೇವರ ದಯೆ, ಅಜ್ಜಿ ಬದುಕಿ ಮನೆಗೆ ಬಂದರು. ಆದರೆ ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮರುವಾರ ಅಕ್ಕಪಕ್ಕದ ಕಟ್ಟಡಗಳವರು ಸಭೆ ಸೇರಿದರು. “ಇಲ್ಲಿಯ ನಿವಾಸಿಗಳಿಗೆ ಪರವಾನಗಿ ಚೀಟಿ ಕೊಡೋಣ; ಚೀಟಿಯಿಲ್ಲದ ಕಾರನ್ನು ಹೊರಗಟ್ಟೋಣ” ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಬೀದಿ ಪಾಲಿಕೆಯದು, ಚೀಟಿ ಹಂಚಲು ನಾವು ಯಾರು ಎಂದೊಬ್ಬ ಹಿರಿಯರು ಕೇಳಿದಾಗ ಸಭೆ ಸ್ವಲ್ಪ ತಣ್ಣಗಾಯಿತು.

ಪರವಾನಗಿಯ ಆಲೋಚನೆ ಹೊಸದೇನಲ್ಲ. ಅಮೆರಿಕದ ವರ್ಜೀನಿಯಾ ಪ್ರಾಂತದ ಆರ್ಲಿಂಗ್ಟನ್‌ನಲ್ಲಿ, ಹತ್ತಿರದ ಕಚೇರಿಗಳಿಗೆ ಬರುವವರು ವಾಸದ ಬೀದಿಗಳಲ್ಲಿ ಕಾರು ಬಿಟ್ಟುಹೋಗುತ್ತಿದ್ದರು. ಅಲ್ಲಿ ನಿವಾಸಿಗಳಿಗೆ ಚೀಟಿ ಕೊಟ್ಟಾಗ ಹೊರಗಿನವರು ನ್ಯಾಯಾಲಯಕ್ಕೆ ಹೋದರು. 1977ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಆ ಏರ್ಪಾಡನ್ನು ಎತ್ತಿಹಿಡಿಯಿತು. ಜಪಾನಿನಲ್ಲಿ 1962ರ ಕಾನೂನಿನಂತೆ ಬಹುತೇಕ ಊರುಗಳಲ್ಲಿ ಕಾರು ಕೊಳ್ಳುವವನು ಮೊದಲು ಅದನ್ನು ನಿಲ್ಲಿಸಲು ಜಾಗವಿದೆಯೆಂದು ತೋರಿಸಬೇಕು. ನಮ್ಮ ಬೆಂಗಳೂರಿಗಾಗಿ 2021ರಲ್ಲಿ ಒಪ್ಪಿಗೆ ಪಡೆದ ನಿಲುಗಡೆ ನೀತಿಯಲ್ಲಿಯೂ ನಿವಾಸಿಗಳ ಪರವಾನಗಿಯ ಪ್ರಸ್ತಾಪವುಂಟು: ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಮುಂಬಯಿಯಲ್ಲಿ 2019ರ ಜುಲೈಯಲ್ಲಿ ಪಾಲಿಕೆ ಸಾರ್ವಜನಿಕ ನಿಲ್ದಾಣಗಳ ಸುತ್ತಮುತ್ತ ಅಕ್ರಮವಾಗಿ ನಿಂತ ವಾಹನಗಳಿಗೆ 5,000ದಿಂದ 23,000 ರೂಪಾಯಿವರೆಗೆ ದಂಡ ವಿಧಿಸಿ ನೋಡಿತು. ಜಾಗದ ಪುರಾವೆಯಿಲ್ಲದೆ ಹೊಸ ಕಾರಿನ ನೋಂದಣಿ ಇಲ್ಲವೆಂದು ಮಹಾರಾಷ್ಟ್ರದ ಸಾರಿಗೆ ಮಂತ್ರಿಗಳು 2025ರ ಮೇ ತಿಂಗಳಲ್ಲಿ ಸಾರಿದರು.

ಅರ್ಜಿ, ಪರವಾನಗಿ, ಮೊಹರು ಇವೇ ನಮ್ಮ ನಿತ್ಯದ ಉದ್ಯೋಗವಾದ್ದರಿಂದ ಸಭೆ ನಮ್ಮ ಕಡೆ ನೋಡಿತು. “ಮೊದಲು ಅಳೆಯೋಣ” ಎಂದೆವು. ಭಾನುವಾರ ಬೆಳಿಗ್ಗೆ ಹುಡುಗರನ್ನು ಕಟ್ಟಿಕೊಂಡು ಟೇಪು ಹಿಡಿದೆವು. ಓಣಿಯ ಅಗಲ ಇಪ್ಪತ್ತು ಅಡಿ. ಎರಡು ಬದಿಯ ಕಾರುಗಳಿಗೆ ಆರಾರು ಅಡಿ ಹೋದರೆ ಉಳಿಯುವುದು ಎಂಟೇ ಅಡಿ. ಬೆಂಕಿ ಆರಿಸುವ ಬಂಡಿಯ ಅಗಲವೇ ಹೆಚ್ಚುಕಡಿಮೆ ಅಷ್ಟು! ಎಂದಮೇಲೆ ಒಂದೇ ಬದಿಯಲ್ಲಿ ನಿಲ್ಲಿಸಬೇಕು. ಮುಂಬಯಿಯ ಕಟ್ಟಡ ನಿಯಮಗಳಲ್ಲಿ ದೊಡ್ಡ ಕಾರೊಂದಕ್ಕೆ 2.5 ಮೀಟರು ಅಗಲ, 5.5 ಮೀಟರು ಉದ್ದದ ಜಾಗ ಹೇಳಿದೆ. ಅದು ಸುಮಾರು 148 ಚದರಡಿಯಾಯಿತು. ಚಾಳಿನ ಎಷ್ಟೋ ಖೋಲಿಗಳು ಅಷ್ಟಿಲ್ಲ. ಗೇಟುಗಳನ್ನೂ ತಿರುವನ್ನೂ ಬಿಟ್ಟು ಅದೇ ಉದ್ದದಿಂದ ಅಳೆದಾಗ ನಮ್ಮ ಓಣಿಯಲ್ಲಿ ಸಿಕ್ಕಿದ್ದು ಹನ್ನೆರಡು ಜಾಗ. ನಿವಾಸಿಗಳ ಕಾರುಗಳೇ ಮೂವತ್ತೊಂದು!

ಮೂವತ್ತೊಂದು ಕಾರಿಗೂ ಚೀಟಿ ಕೊಟ್ಟರೆ ಅಕ್ಕಿಯಿಲ್ಲದ ಅಂಗಡಿಗೆ ರೇಶನ್ ಕಾರ್ಡು ಹಂಚಿದಂತೆ. ಚೀಟಿ ಜಾಗವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಹಂಚುತ್ತದೆ, ಅಷ್ಟೆ. ನಾವು ಹೊರಗಿನವರನ್ನು ಬೈಯುತ್ತಿದ್ದೆವು. ಲೆಕ್ಕ ಮಾತ್ರ ನಮ್ಮತ್ತಲೇ ಬೆರಳು ತೋರಿಸಿತು.

ಇನ್ನೊಂದು ಸಂಗತಿ. ಸ್ವಂತ ಮನೆಯಿದ್ದವರಿಗಷ್ಟೇ ಚೀಟಿ ಎಂದರು ಕೆಲವರು. ಹನ್ನೊಂದು ತಿಂಗಳ ಕರಾರಿನಲ್ಲಿ ಬದುಕುವ ನಮ್ಮಂಥವರು ನಿವಾಸಿಗಳಲ್ಲವೇ? ಪರಊರಿನಲ್ಲಿ ಬಾಳುವ ನಾವು ‘ಹೊರಗಿನವರು’ ಎಂಬ ಮಾತನ್ನು ಬಲು ಎಚ್ಚರದಿಂದ ಆಡಬೇಕು. ಹೋಟೆಲಿಗೆ ಹಾಲು ತರುವ ಟೆಂಪೊ, ರೋಗಿಯನ್ನು ನೋಡಿಕೊಳ್ಳಲು ಬರುವ ದಾದಿಯ ಸ್ಕೂಟರು, ಊರಿನಿಂದ ಬರುವ ಭಾವನ ಕಾರು ಇವಕ್ಕೂ ಹಗಲಿನಲ್ಲಿ ಒಂದಿಷ್ಟು ಹೊತ್ತಿನ ಅವಕಾಶ ಬೇಡವೇ? ಚೀಟಿ ಬರುವುದಾದರೆ ಮನೆಗೊಂದೇ ಬರಲಿ; ಬಾಡಿಗೆಯವರಿಗೂ ಮಾಲೀಕರಿಗೂ ಸಮನಾಗಿ ಬರಲಿ; ಹೆಚ್ಚಾದರೆ ವರ್ಷಕ್ಕೊಮ್ಮೆ ಎಲ್ಲರೆದುರು ಚೀಟಿ ಎತ್ತಲಿ; ಎಲ್ಲಕ್ಕಿಂತ ಮೊದಲು ಆಂಬುಲೆನ್ಸಿನ ದಾರಿಯನ್ನು ಬಿಟ್ಟು ಉಳಿದುದನ್ನು ಹಂಚಲಿ. ಇಷ್ಟನ್ನೂ ಬರೆದು, ಅಳತೆಯ ನಕ್ಷೆಯೊಡನೆ, ಎಲ್ಲರ ಸಹಿ ಹಾಕಿಸಿ ಪಾಲಿಕೆಯ ವಾರ್ಡು ಕಚೇರಿಗೆ ಕೊಟ್ಟೆವು. ಉತ್ತರ ಇನ್ನೂ ಬಂದಿಲ್ಲ. ಕಡತ ಸಾಗುವ ಗತಿ ನಮಗೆ ಗೊತ್ತಿಲ್ಲದ್ದಲ್ಲ.

ಅಲ್ಲಿಯವರೆಗೆ ಒಂದೇ ಬದಿ ನಿಲ್ಲಿಸುವುದೆಂದು ಓಣಿಯವರೇ ಒಪ್ಪಿಕೊಂಡಿದ್ದಾರೆ. ಹಾಗಾದರೆ ಹತ್ತೊಂಬತ್ತು ಕಾರುಗಳು ಬೇರೆಡೆ ಹೋಗಬೇಕು; ಒಂಬತ್ತು ಹೋಗಿವೆ, ಉಳಿದವುಗಳ ಜಗಳ ನಡೆದೇ ಇದೆ. ಹೋದ ಒಂಬತ್ತರಲ್ಲಿ ನಮ್ಮದೂ ಒಂದು. ಹದಿನೈದು ನಿಮಿಷದ ನಡಿಗೆಯ ದೂರದಲ್ಲಿ ತಿಂಗಳ ಬಾಡಿಗೆ ತೆತ್ತು ನಿಲ್ಲಿಸುತ್ತೇವೆ. ಮನೆಯವರು ಮೊದಲು ಗೊಣಗಿದರು. ಈಗ ಹತ್ತಿರದ ಕೆಲಸಕ್ಕೆ ಕಾರು ತೆಗೆಯುವ ಮಾತೇ ಎತ್ತುವುದಿಲ್ಲ. ಡ್ರಮ್ಮು ಗುಜರಿಗೆ ಹೋಯಿತು.

ಥಾಣೆ, ಡೊಂಬಿವಲಿ, ಮುಲುಂಡ ಎಲ್ಲೇ ಇರುವ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಬಿಡುವಾದಾಗ ಒಂದು ಟೇಪು ಹಿಡಿದು ನಿಮ್ಮ ಓಣಿಯನ್ನು ಅಳೆದು ನೋಡಿ. ಪರವಾನಗಿಯನ್ನು ಆಮೇಲೆ ಕೇಳೋಣ.